ನಮ್ಮ ಅಡುಗೆಮನೆಯ ಬಾರಾಕಮಾನ್

ಬೇಕಾಗಿದ್ದದ್ದು ಅಡುಗೆಮನೆಗೆ ಒಂದು ಕಪಾಟು. ಬಾಗಿಲು ಬೇಡ, ಬಣ್ಣ ಬೇಡ. ಎರಡು ಪಕ್ಕ, ನಡುವೆ ನಾಲ್ಕು ಹಲಗೆ. ಉಪ್ಪಿನಕಾಯಿ ಭರಣಿ, ಶೇಂಗಾ ಚಟ್ನಿ ಡಬ್ಬಿ, ಖಡಕ್ ರೊಟ್ಟಿಯ ಬುಟ್ಟಿ ಇಡೋಕೆ. ಬಡಿಗ ಕಾಕಾನಿಗೆ ಹೇಳಿದೆ. "ನಾಳಿಗಿ ಬರ್ತೀನ್ರಿ ಸರ" ಎಂದರು. ಆ ನಾಳೆಗೆ ಮೂರು ವಾರ ತುಂಬಿತು.

ಮೂರು ವಾರ ನಾನೂ ಸುಮ್ನೆ ಕೂತಿರಲಿಲ್ಲ. ಮೊಬೈಲಿನಲ್ಲಿ ಮರ ಕೊಯ್ಯುವ ವಿಡಿಯೊ ನೋಡಿ ನೋಡಿ ಅರ್ಧ ಬಡಿಗನಾಗಿದ್ದೆ. "ಒಂದು ಟೇಬಲ್ ಸಾ ತಂದರೆ ನಾನೇ ಮಾಡ್ತೀನಿ" ಎಂದು ಘೋಷಿಸಿದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ಸ್ವಲ್ಪ ಜಾಸ್ತಿಯಾಯಿತು, ಅಷ್ಟೆ.

ಟೇಬಲ್ ಸಾ ಅಂದರೆ ಮೇಜಿನ ಸೀಳಿನಿಂದ ಅರ್ಧ ಮೇಲೆದ್ದ ದುಂಡು ಗರಗಸ. ಅದು ನಿಂತಲ್ಲೇ ತಿರುಗುತ್ತದೆ, ಮರವನ್ನು ನಾವು ತಳ್ಳಬೇಕು. ಇದರಲ್ಲೂ ಜಾತಿಗಳುಂಟು. ಮೇಜಿನ ಮೇಲೆ ಎತ್ತಿಡುವ ಬೆಂಚ್‌ಟಾಪ್, ಕಾಲಿನ ಮೇಲೆ ನಿಂತು ಬೆನ್ನಿಗೆ ಮೋಟಾರು ಕಟ್ಟಿಕೊಂಡ ಕಾಂಟ್ರ್ಯಾಕ್ಟರ್ ಸಾ, ಇಡೀ ಮೋಟಾರನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಕ್ಯಾಬಿನೆಟ್ ಸಾ. ನನ್ನ ಮನಸ್ಸು ಹೋದದ್ದು ಕ್ಯಾಬಿನೆಟ್ ಸಾ ಮೇಲೆ. ಬೀಡು ಕಬ್ಬಿಣದ ಮೇಜು, 3 ಎಚ್‌ಪಿ ಮೋಟಾರು, ಬೆಣ್ಣೆ ಕೊಯ್ದ ಹಾಗೆ ಸಾಗವಾನಿ ಕೊಯ್ಯುತ್ತದೆ. ತೂಕ ಮಾತ್ರ ಎರಡು ಕ್ವಿಂಟಲ್ ಹತ್ತಿರ. ನಾವಿರುವುದು ಮಹಡಿಯ ಮೇಲೆ, ಬಾಡಿಗೆ ಮನೆಯಲ್ಲಿ.

"ಇಡೋದೆಲ್ಲಿ?" ಎಂದಳು ಹೆಂಡತಿ.

"ಪಡಸಾಲಿಯೊಳಗ."

"ನಾವು?"

ಇದಕ್ಕೆ ಯಾವ ವಿಡಿಯೊದಲ್ಲೂ ಉತ್ತರ ಇರಲಿಲ್ಲ.

ಅವಳ ಇನ್ನೊಂದು ಚಿಂತೆ ನನ್ನ ಬೆರಳು. ಧೈರ್ಯ ಬರಲಿ ಎಂದು ಸ್ಟೀವ್ ಗ್ಯಾಸ್ ಎಂಬ ಅಮೆರಿಕದವನ ಕಥೆ ಹೇಳಿದೆ. ಓದಿದ್ದು ಭೌತಶಾಸ್ತ್ರ, ಮಾಡುತ್ತಿದ್ದದ್ದು ಪೇಟೆಂಟ್ ವಕೀಲಿಕೆ. ಚರ್ಮ ತಾಗಿದ ಕೂಡಲೇ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲುವ ಸಾಸ್ಟಾಪ್ ಎಂಬ ಗರಗಸವನ್ನು ರೂಪಿಸಿದವನು ಅವನೇ. ಬೆರಳಿನ ಬದಲು ಮಾಂಸದ ಸಾಸೇಜ್ ತಾಗಿಸಿ ತೋರಿಸುತ್ತಿದ್ದ. "ನೀವು ತರೋದು ಅದನ್ನೇನು?" ಎಂದು ಕೇಳಿದಳು. ಅಲ್ಲ ಎಂದೆ. "ಮತ್ತ ಈ ಕಥಿ ಯಾಕ?" ಎಂದಳು.

ಗಾಂಧಿ ಚೌಕದ ಕಡೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಗಲ್ಲೆಯ ಮೇಲಿದ್ದ ಹಿರಿಯರು ಕೇಳಿದ್ದು ಒಂದೇ ಮಾತು: "ಏನ್ ಕೊಯ್ತೀರಿ?" ನಾಲ್ಕು ಹಲಗೆ ಎನ್ನಲು ನಾಚಿಕೆಯಾಗಿ "ಮನೆ ಕೆಲಸ, ಭಾಳ ಅದಾವ್ರಿ" ಎಂದೆ. ಅವರು ನನ್ನ ಇಸ್ತ್ರಿ ಅಂಗಿ ನೋಡಿ ಬೆಂಚ್‌ಟಾಪ್ ಒಂದನ್ನು ಮುಂದಿಟ್ಟರು. 10 ಇಂಚಿನ ಬ್ಲೇಡು, 2000 ವ್ಯಾಟ್.

ವ್ಯಾಟಿನ ಅರ್ಥ ಮನೆಗೆ ಬಂದ ಮೇಲೆ ಆಯಿತು. 2000 ವ್ಯಾಟ್ ಅಂದರೆ 230 ವೋಲ್ಟಿಗೆ ಸುಮಾರು 9 ಆಂಪಿಯರ್. ಪಡಸಾಲೆಯಲ್ಲಿರುವುದೆಲ್ಲ 6 ಆಂಪಿಯರಿನ ಪ್ಲಗ್ ಪಾಯಿಂಟು. ಇದರ ದಪ್ಪ ಪಿನ್ನು ಅವುಗಳಲ್ಲಿ ಹೋಗುವುದೇ ಇಲ್ಲ. ಮನೆಯಲ್ಲಿ 16 ಆಂಪಿಯರ್ ಪಾಯಿಂಟು ಇದ್ದದ್ದು ಒಂದೇ ಕಡೆ, ಬಚ್ಚಲಮನೆಯ ಗೀಸರಿಗೆ. ಗೀಸರ್ ಕಿತ್ತು, ದಪ್ಪ ವಯರಿನ ಎಕ್ಸ್‌ಟೆನ್ಷನ್ ಎಳೆದು ಗರಗಸಕ್ಕೆ ಕೊಟ್ಟೆ. ಈಗ ಬಚ್ಚಲ ಬಾಗಿಲು ಮುಚ್ಚಲು ಬರುವುದಿಲ್ಲ. ಅವ್ವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು ನಿಂತಳು.

"ಎಷ್ಟೊತ್ತೋ ತಮ್ಮಾ?"

"ಹತ್ತು ನಿಮಿಷ ಅವ್ವಾ."

ಮೊದಲು ಉದ್ದನೆಯ ಪಟ್ಟಿ ಸೀಳಲು ಹೊರಟೆ. ಬ್ಲೇಡಿನ ಹಿಂದೆ ತೆಳ್ಳನೆಯ ತಗಡೊಂದು ನೆಟ್ಟಗೆ ನಿಂತಿತ್ತು. ಪ್ಯಾಕಿಂಗ್‌ ಜೊತೆ ಬಂದದ್ದಿರಬೇಕು ಎಂದು ಬಿಚ್ಚಿ ಖೋಕಾದಲ್ಲಿ ಹಾಕಿದ್ದೆ. ಅದರ ಹೆಸರು ರೈವಿಂಗ್ ನೈಫ್. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಹಿಂಬದಿಯ ಹಲ್ಲು ಮೇಲೇಳುತ್ತಾ ಮರವನ್ನೇ ಎತ್ತಿ ತಳ್ಳುವವನ ಕಡೆಗೆ ಎಸೆಯುತ್ತದೆ. ಎಸೆಯಿತು. ನನ್ನ ಪಕ್ಕೆಯ ಹತ್ತಿರದಿಂದ ಹಾದ ಪಟ್ಟಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಸದ್ದು ಕೇಳಿ ಕೆಳಗಿನ ಮನೆಯವರೂ ಬಂದರು. ಬ್ಲೇಡಿನ ನೇರಕ್ಕೆ ನಿಲ್ಲಬಾರದು, ಕೈಯ ಬದಲು ಕೋಲಿನಿಂದ ತಳ್ಳಬೇಕು ಎಂದು ಗರಗಸದ ಜೊತೆ ಬಂದ ಕಾಗದದಲ್ಲಿ ದಪ್ಪಕ್ಷರದಲ್ಲೇ ಇತ್ತು. ಆ ಕಾಗದ ಇದ್ದದ್ದೂ ಖೋಕಾದಲ್ಲೇ. ಖೋಕಾ ತೆಗೆದು, ತಗಡು ಹುಡುಕಿ ಮತ್ತೆ ಹಾಕಿದೆ.

ಅಷ್ಟೊತ್ತಿಗೆ ಅವ್ವ ತಣ್ಣೀರಲ್ಲೇ ಸ್ನಾನ ಮುಗಿಸಿದ್ದಳು. ಮಾಗಿಯ ಚಳಿ. ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಹಲಗೆಗಳು. 2440 ಎಂಎಂ ಉದ್ದದ ಪ್ಲೈವುಡ್ ಪಟ್ಟಿ. ನಾಲ್ಕರಿಂದ ಭಾಗಿಸಿದರೆ ಸರಿಯಾಗಿ 610. ಲೆಕ್ಕ ಇಷ್ಟು ಚೆಂದ ಬಂದರೆ ಯಾರಿಗಾದರೂ ಖುಷಿ ಆಗುತ್ತೆ ಅಲ್ವಾ? ಮಗ ಒಂದು ತುದಿ ಹಿಡಿದ. ಅಳೆದೆ, ಕೊಯ್ದೆ. ಮತ್ತೆ ಅಳೆದೆ, ಮತ್ತೆ ಕೊಯ್ದೆ. ಮೂರು ಹಲಗೆ ಬರೋಬ್ಬರಿ. ಉಳಿದ ನಾಲ್ಕನೆಯದು 601.

ಟೇಪು ತಿರುವಿ ಹಾಕಿ ಅಳೆದೆ. 601. ಮಗ ಅಳೆದ. 601. 9 ಎಂಎಂ ಎಲ್ಲಿ ಹೋಯಿತು? ಹೆಂಡತಿ ಕಸಬರಿಗೆ ಹಿಡಿದು ಬಂದವಳು ನೆಲದ ಮೇಲಿನ ಹೊಟ್ಟಿನ ಗುಡ್ಡೆ ತೋರಿಸಿದಳು. "ಇಲ್ಲೇ ಐತಲ್ಲ." ಬ್ಲೇಡಿಗೂ 3 ಎಂಎಂ ದಪ್ಪ ಇರುತ್ತದೆ. ಒಂದೊಂದು ಕೊಯ್ತಕ್ಕೂ ಅಷ್ಟು ತಿಂದಿತ್ತು. ಮೂರು ಕೊಯ್ತ, ಮೂರು ಮೂರಲೇ ಒಂಬತ್ತು. ಅಂಚುಗಳಂತೂ ಇಲಿ ಕಡಿದ ಹಾಗೆ. ಜೊತೆಗೆ ಬಂದದ್ದು ಉದ್ದಕ್ಕೆ ಸೀಳುವ 24 ಹಲ್ಲಿನ ಬ್ಲೇಡಂತೆ. ಪ್ಲೈವುಡ್ಡಿಗೆ 60 ಹಲ್ಲಿನದು ಬೇಕಂತೆ.

ಕಪಾಟು ನಿಂತೇ ಹೋಯಿತು. ಎರಡು ಪಕ್ಕ, ಮೂರು ಹಲಗೆ, ನಾಲ್ಕನೆಯದರ ಜಾಗದಲ್ಲಿ ಬಯಲು. ನಮ್ಮೂರು ವಿಜಯಪುರದಲ್ಲಿ ಸುಲ್ತಾನ ಎರಡನೇ ಅಲಿ ಆದಿಲ್ ಶಾ ತನಗೆಂದು ಕಟ್ಟಿಸಲು ಹೊರಟ ಸಮಾಧಿ ಬಾರಾಕಮಾನ್ ಕೂಡ ಹೀಗೇ ಅರ್ಧಕ್ಕೆ, ಬರೀ ಕಮಾನುಗಳಲ್ಲಿ ನಿಂತಿದೆ. 1672ರಲ್ಲಿ ಅವನು ತೀರಿಕೊಂಡ. ಹೆಂಡತಿ ನನ್ನ ಕಪಾಟಿಗೂ ಬಾರಾಕಮಾನ್ ಎಂದೇ ಹೆಸರಿಟ್ಟಳು. "ಅವಗರ ಸಾಯೂದು ಬಂತು, ನಿಮಗೇನ್ ಬಂದಿತ್ತು?" ಎಂಬ ಪ್ರಶ್ನೆಯೂ ಬಂತು. ಅವಳ ಭರಣಿಗಳು ಗರಗಸದ ಮೇಜಿನ ಮೇಲೆಯೇ ಕೂತವು. ಸಮತಟ್ಟಾಗಿ, ಅಲುಗಾಡದೆ. ಬ್ಲೇಡು ಕೆಳಗಿಳಿಸಿದರೆ ಅದು ಒಳ್ಳೆಯ ಕಟ್ಟೆ.

ಮುಂದಿನ ವಾರ ಬಡಿಗ ಕಾಕಾ ಬಂದರು. ಏನೂ ಆಗದವರ ಹಾಗೆ "ನಾಳಿಗಿ ಬರ್ತೀನಿ ಅಂದಿದ್ನೆಲ್ರಿ" ಎಂದರು. ಕಪಾಟು ನೋಡಿದರು, ನಗಲಿಲ್ಲ. ಅದೇ ದೊಡ್ಡದು. "ನಾಕು ಹಲಗಿಗೆ ಇದ್ಯಾಕ್ರಿ? ಕೈ ಕಟ್ಟರ್ ಸಾಕಿತ್ತಲ್ರಿ. ದೊಡ್ಡ ಶೀಟ್ ಉದ್ದಕ ಸೀಳೂದಿದ್ರ ಇದು ಬೇಕು" ಎಂದು ಮೂರು ಹಲಗೆಗಳನ್ನೂ ತಮ್ಮ ಕಟ್ಟರಿನಲ್ಲಿ 601ಕ್ಕೇ ಇಳಿಸಿದರು. ಅರ್ಧ ಗಂಟೆಯಲ್ಲಿ ಕಪಾಟು ಮುಗಿಯಿತು. ಭರಣಿಗಳು ಮೇಲೇರಿದವು.

ಹೊರಡುವಾಗ ಖಾಲಿಯಾದ ಗರಗಸದ ಸುತ್ತ ಒಂದು ಸುತ್ತು ಹಾಕಿದರು. ಮರವನ್ನು ಆನಿಸಿ ನೇರ ತಳ್ಳುವ ಫೆನ್ಸ್ ಪಟ್ಟಿ ಸರಿಸಿ ನೋಡಿದರು, ಮೇಜಿನ ಮೇಲೆ ಅಂಗೈ ಆಡಿಸಿದರು.

"ಸರ, ಇದನ್ನ ಎರಡು ದಿನಾ ಕೊಡ್ತೀರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಬಚ್ಚಲಿಗೆ ಹೋಗಿ ಪಿನ್ನು ಕಿತ್ತು ಬಂದಳು. ಹೆಂಡತಿ ಖೋಕಾ ತಂದಿಟ್ಟಳು. ಮಗ ಕೆಳಗೆ ಆಟೋ ನಿಲ್ಲಿಸಿದ.

ಮೊನ್ನೆ ಫೋನ್ ಮಾಡಿ ಕೇಳಿದೆ. ನಾಳೆ ತಂದು ಕೊಡುತ್ತಾರಂತೆ.