ಐವತ್ತು ದಾಟಿದವರ ಡೆಡ್‌ಲಿಫ್ಟ್: ಬಾರ್ ನೆಲದ ಮೇಲೇ ಯಾಕಿರಬೇಕು?

"ಈ ವಯಸ್ಸಲ್ಲಿ ಭಾರ ಎತ್ತೋದಾ? ಸೊಂಟ ಹೋಗುತ್ತೆ ನೋಡಿ" ಅನ್ನುವವರು ಎಲ್ಲರಿಗೂ ಸಿಗುತ್ತಾರೆ. ಹಾಗೆ ಹೇಳಿದವರೇ ಮಾರನೇ ದಿನ ತುಂಬಿದ ಸೂಟ್‌ಕೇಸ್ ಎತ್ತುತ್ತಾರೆ, ನೀರಿನ ಬಕೆಟ್ ಎತ್ತುತ್ತಾರೆ, ಮೊಮ್ಮಗು ಕೈಚಾಚಿದರೆ ಅದನ್ನೂ ಎತ್ತಿಕೊಳ್ಳುತ್ತಾರೆ. ಕೆಳಗಿರುವುದನ್ನು ಹಿಡಿದು ನೆಟ್ಟಗೆ ನಿಲ್ಲುವುದು, ಡೆಡ್‌ಲಿಫ್ಟ್ ಅಂದರೆ ಅಷ್ಟೇ. ಹೇಗಿದ್ದರೂ ಎತ್ತುತ್ತೀರಿ, ಕಲಿತು ಎತ್ತಿ ಅನ್ನುವುದು ನನ್ನ ವಾದ.

ಆದರೆ ನಮ್ಮ ವಯಸ್ಸಿನವರಿಗೆ ಎಷ್ಟೋ ಜಿಮ್‌ಗಳಲ್ಲಿ ಇದನ್ನು ಶುರು ಮಾಡಿಸುವ ರೀತಿ ನೋಡಿದರೆ ಮೈ ಉರಿಯುತ್ತದೆ. "ಮೊದಲು ಖಾಲಿ ಬಾರ್‌ನಲ್ಲಿ ಮಾಡಿ ಸರ್" ಅಂತ ನೆಲದ ಮೇಲೆ ಬಾರ್, ಅಂದರೆ ಉದ್ದನೆಯ ಕಬ್ಬಿಣದ ಸರಳು, ಇಟ್ಟುಬಿಡುತ್ತಾರೆ. ಹಗುರ ಅಲ್ವಾ, ಏನೂ ಆಗಲ್ಲ ಅಂತ ಲೆಕ್ಕ. ಎಡವಟ್ಟಾಗುವುದೇ ಇಲ್ಲಿ. ಬಾರ್‌ನ ಎರಡೂ ತುದಿಗೆ ಸಿಕ್ಕಿಸುವ ಭಾರದ ಬಿಲ್ಲೆಗಳೇ ಪ್ಲೇಟ್. ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂ.ಮೀ. ಅದನ್ನು ಹಾಕಿದಾಗ ಬಾರ್ ನೆಲದಿಂದ ಸುಮಾರು 22 ಸೆಂ.ಮೀ. ಮೇಲಿರುತ್ತದೆ. ಸಣ್ಣ ಪ್ಲೇಟ್ ಹಾಕಿದರೆ, ಅಥವಾ ಏನೂ ಹಾಕದಿದ್ದರೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. ಅಂದರೆ ಹೊಸಬರೇ ಎಲ್ಲರಿಗಿಂತ ಜಾಸ್ತಿ ಬಗ್ಗಬೇಕು! ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ತೊಡೆಯ ಹಿಂಭಾಗ ಬಿಗಿದುಕೊಂಡವರು ಅಷ್ಟು ಕೆಳಗೆ ಕೈ ಚಾಚಿದರೆ ಬೆನ್ನು ಗೂನಾಗದೆ ಇನ್ನೇನಾಗುತ್ತದೆ? ಆಮೇಲೆ ಪಕ್ಕದಲ್ಲಿ ನಿಂತು "ಬೆನ್ನು ನೇರ, ಬೆನ್ನು ನೇರ" ಅಂತ ಕೂಗಿ ಏನು ಬಂತು?

ಆ 22 ಸೆಂ.ಮೀ. ಯಾರ ಮೈ ಅಳತೆ ನೋಡಿಯೂ ಇಟ್ಟದ್ದಲ್ಲ. ಅದು ಸ್ಪರ್ಧೆಯ ಪ್ಲೇಟಿನ ಲೆಕ್ಕ. ಸ್ಪರ್ಧೆಗೆ ಹೋಗದವರಿಗೆ ಅದರ ಹಂಗು ಯಾಕೆ? ಬಾರನ್ನು ರ‍್ಯಾಕ್ ಮೇಲೋ ಗಟ್ಟಿ ಬ್ಲಾಕ್ ಮೇಲೋ ಇಟ್ಟು, ಮೊಣಕಾಲಿಗಿಂತ ಸ್ವಲ್ಪ ಕೆಳಗಿನಿಂದ ಶುರು ಮಾಡಿ. ಬೆನ್ನು ಗೂನಾಗದೆ ಎಲ್ಲಿಯವರೆಗೆ ಹೋಗಬಲ್ಲಿರೋ ಅದೇ ನಿಮ್ಮ ನೆಲ. ವಾರಗಳು ಕಳೆದಂತೆ ಒಂದೊಂದೇ ಹಂತ ಇಳಿಸಿ. ಕೊನೆವರೆಗೂ ನಿಜವಾದ ನೆಲ ಸಿಗದಿದ್ದರೂ ನಷ್ಟವೇನಿಲ್ಲ. ಚೌಕಟ್ಟಿನ ಆಕಾರದ ಟ್ರ್ಯಾಪ್ ಬಾರ್ ಇದ್ದರೆ ಇನ್ನೂ ವಾಸಿ. ಅದರ ಒಳಗೆ ನಿಂತು ಎರಡೂ ಪಕ್ಕದ ಹಿಡಿ ಹಿಡಿಯುವುದರಿಂದ ಭಾರ ಮೈಗೆ ಹತ್ತಿರ ಇರುತ್ತದೆ, ಸೊಂಟಕ್ಕೆ ಹೊರೆ ಕಡಿಮೆ. ಹುಡುಗರು "ಅದು ಡೆಡ್‌ಲಿಫ್ಟೇ ಅಲ್ಲ ಅಂಕಲ್" ಅನ್ನಬಹುದು. ಅನ್ನಲಿ ಬಿಡಿ.

ಬಾರ್ ಮುಟ್ಟುವ ಮೊದಲು ಒಂದು ಕೋಲು ಸಾಕು. ಬೆನ್ನಿನ ಉದ್ದಕ್ಕೂ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಮೂರೂ ಕಡೆ ತಾಗಬೇಕು. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಹಿಂದಿನ ಗೋಡೆಗೆ ಪಿರ್ರೆ ತಾಗಿಸುವಂತೆ ಹಿಂದಕ್ಕೆ ತಳ್ಳುತ್ತಾ ಬಗ್ಗಿ. ಕೋಲು ಎಲ್ಲಾದರೂ ಬಿಟ್ಟುಕೊಂಡಿತೋ, ಅಲ್ಲಿಗೆ ನಿಲ್ಲಿಸಿ. ತೊಡೆಯ ಹಿಂದೆ ಸೆಳೆತ ಗೊತ್ತಾದರೆ ಸರಿಯಾಗಿದೆ. ಇದು ಸಲೀಸಾದ ಮೇಲೆ ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು), ಅದಾದ ಮೇಲೆ ಬಾರ್.

ಎತ್ತುವಾಗ ಬಾರ್ ಪಾದದ ನಡುಭಾಗದ ಮೇಲೆ, ಶೂ ಲೇಸಿನ ಗಂಟಿನ ನೇರಕ್ಕೆ ಇರಲಿ. ಕಂಕುಳಲ್ಲಿ ಪೇಪರ್ ಸಿಕ್ಕಿಸಿಕೊಂಡ ಹಾಗೆ ತೋಳನ್ನು ಬಿಗಿ ಹಿಡಿಯಿರಿ. ಒಮ್ಮೆಗೇ ಜಗ್ಗಬೇಡಿ. ಮೊದಲು ಮೆಲ್ಲಗೆ ಎಳೆಯಿರಿ, ಪ್ಲೇಟಿನ ತೂತಿಗೆ ಬಾರ್ ತಾಗಿ "ಟಕ್" ಅನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಕಾಲಿನಿಂದ ನೆಲ ಒತ್ತಿ ಏಳಿ. ಮೇಲೆ ಬಂದ ಮೇಲೆ ಸುಮ್ನೆ ನೆಟ್ಟಗೆ ನಿಂತರಾಯಿತು. ಎದೆ ಉಬ್ಬಿಸಿ ಹಿಂದಕ್ಕೆ ಬಾಗುವ ಶೋಕಿ ಸೊಂಟಕ್ಕೆ ಒಳ್ಳೆಯದಲ್ಲ. ಒಂದು ಅಂಗೈ ಒಳಗೆ, ಇನ್ನೊಂದು ಹೊರಗೆ ಮಾಡಿ ಹಿಡಿಯುವುದೂ ಬೇಡ. ಹೊರಗೆ ತಿರುಗಿದ ಕೈಯ ಬೈಸೆಪ್ಸ್ ಟೆಂಡನ್, ಅಂದರೆ ತೋಳಿನ ಮುಂಭಾಗದ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಭಾಗ, ಹರಿಯುವ ಅಪಾಯವಿದೆ.

ಉಸಿರಿನ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಆ ಕ್ಷಣಕ್ಕೆ ಬಿಪಿ ವಿಪರೀತ ಏರುತ್ತದೆ. ಹತೋಟಿಗೆ ಬಾರದ ಬಿಪಿ, ಹೃದಯದ ತೊಂದರೆ, ಹರ್ನಿಯಾ, ಕಣ್ಣಿನ ರೆಟಿನಾದ ಕಾಯಿಲೆ, ಹಿಂದೆ ಮೂಳೆ ಮುರಿದದ್ದು, ಇವುಗಳಲ್ಲಿ ಏನೇ ಇದ್ದರೂ ಡಾಕ್ಟರ್ ಒಪ್ಪಿದ ಮೇಲೆಯೇ ಜಿಮ್. ಉಳಿದವರೂ ಏಳುವಾಗ ಉಸಿರು ಬಿಡುತ್ತಾ ಏಳಿ. ಹಾಗೆ ಎತ್ತಲಾಗದಿದ್ದರೆ ಭಾರ ಜಾಸ್ತಿಯಾಗಿದೆ ಅಂತ ಅರ್ಥ.

ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಧ್ಯಯನದ ಬಗ್ಗೆ ಕೇಳಿರಬಹುದು. 2018ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮುಟ್ಟು ನಿಂತು ಮೂಳೆ ಸಾಂದ್ರತೆ ಕಡಿಮೆಯಾಗಿದ್ದ ಮಹಿಳೆಯರು ವಾರಕ್ಕೆ 2 ಸಲ, ಅರ್ಧರ್ಧ ಗಂಟೆ, 8 ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್ ಎಲ್ಲ ಮಾಡಿದರು. ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ಹಗುರ ವ್ಯಾಯಾಮ ಮಾಡಿದ ಗುಂಪಿನಲ್ಲಿ ಇಳಿಯಿತು. ಡೆಡ್‌ಲಿಫ್ಟ್ ಮಾಡಿದವರು ದೊಡ್ಡ ಭಾರ ಎತ್ತಿದ್ದನ್ನು ಎಲ್ಲರೂ ಹೇಳುತ್ತಾರೆ. ಮೊದಲ ತಿಂಗಳು ಹಗುರವಾಗಿ ಬರೀ ವಿಧಾನ ಕಲಿತದ್ದನ್ನು, ಪ್ರತಿ ಸಲವೂ ಪಕ್ಕದಲ್ಲಿ ತಿಳಿದವರು ನಿಂತಿದ್ದನ್ನು ಹೇಳುವವರು ಕಡಿಮೆ.

ವಾರಕ್ಕೆ 2 ದಿನ, 5 ರೆಪ್‌ಗಳ 3 ಸೆಟ್ ಸಾಕು, ಅಂದರೆ ಒಂದು ಸರದಿಗೆ 5 ಸಲ ಎತ್ತುವಂತೆ 3 ಸರದಿ. ಇನ್ನೂ ಮೂರು ರೆಪ್ ಎತ್ತಬಹುದು ಅನ್ನಿಸುವಾಗಲೇ ಬಾರ್ ಇಳಿಸಿ. ಮೊದಲ ವಾರಗಳಲ್ಲಿ ಬಲ ಬೇಗ ಬೇಗ ಏರುತ್ತದೆ, ಖುಷಿಯಾಗುತ್ತದೆ. ಆಗಲೇ ಹುಷಾರಾಗಿರಬೇಕು. ಅದರಲ್ಲಿ ಬಹುಪಾಲು ನರಗಳು ಕೆಲಸ ಕಲಿತದ್ದು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಒಂದೆರಡು ದಿನ ತೊಡೆ, ಪಿರ್ರೆ ನೋಯುವುದು ಮಾಮೂಲಿ. ಎತ್ತುವಾಗ ಸೊಂಟದಲ್ಲಿ ಚುಚ್ಚಿದರೆ ಅವತ್ತಿಗೆ ಮುಗಿಯಿತು, ಇನ್ನೊಂದು ಸೆಟ್ ಬೇಡ. ಕಾಲಿಗೆ ಇಳಿಯುವ ನೋವು, ಜೋಮು ಕಂಡರೆ ಡಾಕ್ಟರಿಗೆ ತೋರಿಸಿ. ಮೂತ್ರದ ಹತೋಟಿ ತಪ್ಪಿದರೆ, ತೊಡೆಸಂದಿನಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.