ಹಲ್ಲು ಕಿತ್ತ ಜಾಗ ಖಾಲಿ ಬಿಡಬೇಡಿ

ಹಲ್ಲು ಹೋದ ಜಾಗದಲ್ಲಿ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕೃತಕ ಹಲ್ಲು ಹಾಕುವ ಇಂಪ್ಲಾಂಟ್ ಬಗ್ಗೆ ನೀವು ಪ್ರಕಟಿಸಿದ ಲೇಖನ ಚೆನ್ನಾಗಿದೆ. ಆದರೆ ಹಲ್ಲು ಹೋದವರಿಗೆಲ್ಲ ಅದೊಂದೇ ದಾರಿ ಅನ್ನುವ ಹಾಗೆ ಬರೆದಿರುವುದು ಸರಿ ಅನ್ನಿಸಲಿಲ್ಲ. ಟೈಟಾನಿಯಂ ಸ್ಕ್ರೂ ದವಡೆಯ ಮೂಳೆಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅದು ಕೂರದೇ ಹೋಗುವ ಅಪಾಯ ಜಾಸ್ತಿ. ಇದನ್ನು ಮೊದಲೇ ಹೇಳಬೇಕು ಅಲ್ವಾ?

ನನಗೆ ನಿಜವಾಗಿ ಬೇಸರ ಆಗುವುದು ಬೇರೆ ವಿಷಯಕ್ಕೆ. ರೂಟ್ ಕೆನಾಲ್ (ಹಲ್ಲಿನ ಒಳಗಿನ ಕೆಟ್ಟ ಭಾಗ ತೆಗೆದು ತುಂಬುವ ಚಿಕಿತ್ಸೆ) ಮಾಡಿಸಿ ಕ್ಯಾಪ್ ಹಾಕಿಸಿದರೆ ಉಳಿಯುವ ದವಡೆ ಹಲ್ಲನ್ನೂ ಎಷ್ಟೋ ಜನ ‘ಸುಮ್ನೆ ಕಿತ್ತುಬಿಡಿ ಡಾಕ್ಟ್ರೇ’ ಅನ್ನುತ್ತಾರೆ. ಕಿತ್ತ ಮೇಲೆ ಜಾಗ ಹಾಗೇ ಬಿಡುತ್ತಾರೆ. ಪಕ್ಕದ ಹಲ್ಲು ನಿಧಾನವಾಗಿ ಅತ್ತ ವಾಲುತ್ತದೆ. ಎದುರು ಸಾಲಿನ ಹಲ್ಲು ಖಾಲಿ ಜಾಗಕ್ಕೆ ಜಾರುತ್ತದೆ. ಮೂಳೆ ಕರಗುತ್ತಾ ಹೋಗುತ್ತದೆ. ಆಮೇಲೆ ಇಂಪ್ಲಾಂಟ್ ಕೂಡ ಕಷ್ಟ. ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೃತಕ ಹಲ್ಲು ಕೂರಿಸುವ ಬ್ರಿಡ್ಜ್ ಹಾಕಿಸಬಹುದು, ಆದರೆ ಅದಕ್ಕೆ ಅಕ್ಕಪಕ್ಕದ ಒಳ್ಳೆ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು.

ಎಲ್ಲ ಹಲ್ಲೂ ಹೋಗಿರುವ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ. ಮನೆಯಲ್ಲಿ ಅಜ್ಜ, ಅಜ್ಜಿ ರೊಟ್ಟಿ ಬಿಟ್ಟು ಗಂಜಿಯಲ್ಲೇ ದಿನ ತಳ್ಳುತ್ತಿದ್ದರೆ, ದಯವಿಟ್ಟು ಜಿಲ್ಲಾ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಒಮ್ಮೆ ವಿಚಾರಿಸಿ.