ಗುರುತು ಹಾಕಿದ ಲೋಟ

ತುಂಬಾ ಜನ ಕೇಳಿದ್ರಿ, ಏನಾಗಿತ್ತು ನಿಂಗೆ, ಎರಡು ಮದುವೆಗೆ ಬರ್ಲಿಲ್ಲ, ನಾಮಕರಣಕ್ಕೆ ಬರ್ಲಿಲ್ಲ, ಮನೆಗೆ ಬಂದವ್ರ ಹತ್ರನೂ ದೂರ ಕೂತು ಮಾತಾಡ್ದೆ ಅಂತ. ಎಲ್ರಿಗೂ ನ್ಯುಮೋನಿಯಾ ಅಂದಿದ್ದೆ. ಸುಳ್ಳು. ಟಿಬಿ ಆಗಿತ್ತು. ಕ್ಷಯ. ನವೆಂಬರ್‌ನಲ್ಲಿ ಮಾತ್ರೆ ಮುಗೀತು, ಕಫ ಟೆಸ್ಟ್ ನೆಗೆಟಿವ್ ಬಂತು, ಈಗ ಹೇಳೋಕೆ ಧೈರ್ಯ ಬಂದಿದೆ.

ಶುರುವಾಗಿದ್ದು ಫೆಬ್ರವರಿಲಿ. ರೋಬಸ್ಟಾ ಕುಯ್ಲು ಮುಗೀತಾ ಇತ್ತು, ಕಣದಲ್ಲಿ ಕಾಫಿ ಒಣಗಿಸೋ ಧೂಳಿಗೆ ಕೆಮ್ಮು ಅಂದ್ಕೊಂಡೆ. ಸಂಜೆ ಆದ್ರೆ ಸಣ್ಣ ಜ್ವರ, ರಾತ್ರಿ ದಿಂಬು ಒದ್ದೆ ಆಗೋಷ್ಟು ಬೆವರು, ಬ್ಲೌಸ್ ಎಲ್ಲ ಸಡಿಲ. ಒಂದು ಕ್ಲಿನಿಕ್‌ನಲ್ಲಿ ಮೂರು ಸಲ ಸಿರಪ್ ಬದಲಾಯಿಸಿ ಕೊಟ್ರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಅಂತ ಅಲ್ಲೇ ಗೋಡೆ ಮೇಲೆ ಪೋಸ್ಟರ್ ಇತ್ತು, ಅದರ ಕೆಳಗೇ ಕೂತು ನಾನು ಸಿರಪ್ ಚೀಟಿ ಬರೆಸ್ಕೊಂಡು ಬಂದೆ ನೋಡಿ. ಕೊನೆಗೆ ಮಡಿಕೇರಿ ಸರ್ಕಾರಿ ಆಸ್ಪತ್ರೆಲಿ ಕಫ ಕೊಟ್ಟಾಗ ಮೇ ತಿಂಗಳು, ತೂಕ 46 ಕೆಜಿ.

ದಿನಾ ಬೆಳಿಗ್ಗೆ ಮೂರು ಮಾತ್ರೆ. ಮೊದಲ ಎರಡು ತಿಂಗಳು ಅದರೊಳಗೆ ನಾಲ್ಕು ಥರ ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಥರ. ಒಂದು ಪೈಸೆ ತಗೊಳ್ಲಿಲ್ಲ, ಮೇಲಿಂದ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಅಕೌಂಟಿಗೆ ಹಾಕ್ತಾರೆ. ಈ ವ್ಯವಸ್ಥೆನ ನಾವು ಬೈಯೋದು ಜಾಸ್ತಿ, ನಾನೂ ಬೈದೋಳೇ.

ಆಗ ವಾಟ್ಸಾಪ್‌ನಲ್ಲಿ ನೆಂಟ್ರು ಮೆಸೇಜ್ ಕಳಿಸೋರು, ದೇವರು ತನಗೆ ಬೇಕಾದವ್ರನ್ನೇ ಪರೀಕ್ಷೆ ಮಾಡ್ತಾನೆ, ಪಾಸಿಟಿವ್ ಆಗಿರು, ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳು ಅಂತ. ಕೋಪ ಬರ್ತಿತ್ತು. ಯಾವುದಕ್ಕೆ ಥ್ಯಾಂಕ್ಸ್, ಮಗಳನ್ನ ಪಕ್ಕ ಮಲಗಿಸ್ಕೊಳ್ಳೋಕೆ ಆಗದೇ ಇರೋದಕ್ಕಾ? ರಾತ್ರಿ ಮೂರು ಗಂಟೆಗೆ ಎದ್ದು ಕೂತು ನಮ್ಮ ಕೊಡಗಿನ ದೇವರು ಇಗ್ಗುತಪ್ಪನ ಹತ್ರ ಜಗಳ ಆಡಿದ್ದೀನಿ. ಹರಕೆ ಕಟ್ಕೊಳ್ಳೋಕೂ ಮನಸ್ಸು ಬರ್ಲಿಲ್ಲ.

ಈಗ ಹೇಳೋಕೆ ಕಷ್ಟ ಆಗೋ ವಿಷ್ಯ. ನಮ್ಮ ತೋಟದ ಕೆಲಸದವ್ರ ಲೈನ್ ಮನೇಲಿ ಒಬ್ಬಳಿದ್ದಾಳೆ, ಹೆಸರು ಹಾಕಲ್ಲ. ಮೂರು ವರ್ಷದ ಹಿಂದೆ ಅವಳಿಗೂ ಇದೇ ಟಿಬಿ. ಆಗ ನಾನು ಏನ್ ಮಾಡ್ದೆ ಅಂದ್ರೆ, ಹತ್ತು ಗಂಟೆ ಕಾಫಿಗೆ ಅವಳಿಗೆ ಅಂತಲೇ ಒಂದು ಸ್ಟೀಲ್ ಲೋಟ ಬೇರೆ ಮಾಡಿ, ತಳದಲ್ಲಿ ಮೊಳೆಯಿಂದ ಎರಡು ಅಡ್ಡ ಗೀಟು ಎಳೆದು, ಹಿಂದಿನ ಕಟ್ಟೆ ಮೇಲೆ ಮಗುಚಿ ಇಡ್ತಿದ್ದೆ. ಅವಳು ಕುಡಿದು ತಾನೇ ತೊಳೆದು ಹಾಗೇ ಮಗುಚಿಟ್ಟು ಹೋಗೋಳು. ಒಂದು ಮಾತು ಆಡ್ಲಿಲ್ಲ. ಟಿಬಿ ಲೋಟದಿಂದ ಬರಲ್ಲ, ಕೆಮ್ಮಿದಾಗ ಗಾಳಿಲಿ ಬರತ್ತೆ ಅಂತ ನಂಗೆ ಗೊತ್ತಾಗಿದ್ದು ನಂಗೇ ಬಂದ್ಮೇಲೆ.

ನನ್ನ ರಿಪೋರ್ಟ್ ಬಂದ ದಿನ ಅತ್ತೆ ನಂಗೆ ಬೇರೆ ತಟ್ಟೆ ಲೋಟ ತೆಗೆದಿಟ್ರು. ಹೆದರಿಕೆ ಅವ್ರಿಗೂ, ತಪ್ಪಿಲ್ಲ. ಬಿಸಿನೀರು ಕುಡಿದು ಲೋಟ ಮಗುಚಿದ್ರೆ ತಳದಲ್ಲಿ ಎರಡು ಗೀಟು. ಅತ್ತೆಗೆ ಗೊತ್ತಿರ್ಲಿಲ್ಲ, ಕೈಗೆ ಸಿಕ್ಕಿದ್ದು ಇಟ್ಟಿದ್ರು ಅಷ್ಟೇ. ಅವತ್ತು ಅತ್ತಿದ್ದು ಕಾಯಿಲೆಗಲ್ಲ.

ಲೈನ್ ಮನೆಯವಳಿಗೆ ಯಾರೂ ಹೇಳಿರ್ಲಿಲ್ಲ, ಕಿಟಕಿ ಹತ್ರ ಇಟ್ಟ ಮಾತ್ರೆ ಪಟ್ಟಿ ನೋಡಿಯೇ ಕಂಡುಹಿಡಿದ್ಲು. ಹೊರಗೆ ನಿಂತೇ "ಅಕ್ಕಾ, ಮೂತ್ರ ಕೆಂಪಗೆ ಹೋಗ್ತದಾ? ಹೆದರ್ಬೇಡಿ, ಅದು ಮಾತ್ರೆದು" ಅಂದ್ಲು. ಇನ್ನೊಂದು ಹೇಳಿದ್ಲು, ಎರಡು ತಿಂಗಳಾದ್ರೆ ಮೈ ಚೆನ್ನಾಗಾಗ್ತದೆ, ಆಗ ಸಾಕು ಅನಿಸ್ತದೆ, ಬಿಡ್ಬೇಡಿ, ಬಿಟ್ರೆ ಮತ್ತೆ ಬಂದಾಗ ಈ ಮಾತ್ರೆಗೆ ಬಗ್ಗಲ್ಲ. ಡಾಕ್ಟ್ರು ಹೇಳಿದ್ದೂ ಇದೇ, ಆದ್ರೆ ಇವಳ ಬಾಯಲ್ಲಿ ಕೇಳಿದಾಗ ತಲೆಗೆ ಇಳೀತು.

ಜುಲೈನಲ್ಲಿ ನಿಮಗೆಲ್ಲ ಗೊತ್ತಲ್ಲ, ಆ ವಾರ ದಿನಾ ಐದಾರು ಇಂಚು ಮಳೆ, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ದಾರಿಗೆ ಮರ ಬಿದ್ದು ಆಶಾ ಕಾರ್ಯಕರ್ತೆಗೂ ಬರೋಕಾಗ್ಲಿಲ್ಲ. ಮಾತ್ರೆ ಎರಡು ದಿನಕ್ಕೆ ಮಾತ್ರ ಇತ್ತು, ಗಂಡ ಬೆಂಗ್ಳೂರಲ್ಲಿ. ಇವಳು ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ತೋಟದ ಒಳದಾರಿಲಿ ನಡ್ಕೊಂಡು ಆಶಾ ಮನೆಗೇ ಹೋಗಿ, ಮಾತ್ರೆನ ಕವರಿಗೆ ಸುತ್ತಿ ರವಿಕೆ ಒಳಗಿಟ್ಕೊಂಡು ತಂದ್ಲು. ಕಾಲಲ್ಲಿ ಜಿಗಣೆ ಕಚ್ಚಿ ರಕ್ತ ಇಳೀತಾ ಇತ್ತು, ಅದಕ್ಕೆ ಸುಣ್ಣ ಹಚ್ಕೊಳ್ತಾ "ನೆನ್ದಿಲ್ಲ ಅಕ್ಕ, ನೋಡಿ" ಅಂತ ಕೊಟ್ಲು. ಮಾರನೇ ದಿನದಿಂದ ಮಾತ್ರೆನ ದೇವರ ದೀಪದ ಮುಂದೆ ಇಟ್ಟು, ಕೈ ಮುಗಿದು ನುಂಗೋಕೆ ಶುರು ಮಾಡ್ದೆ. ಗಂಡ ಬಂದ್ಮೇಲೆ ನಕ್ರು, ಮಾತ್ರೆಗೂ ಪೂಜೆನಾ ಅಂತ. ಹೌದು ಅಂದೆ. ಮಾತ್ರೆಯಿಂದ ವಾಸಿ ಆಯ್ತಾ ದೇವರಿಂದ ಆಯ್ತಾ ಅಂತ ಈಗ್ಲೂ ಕೇಳೋರಿದ್ದಾರೆ, ನಂಗೆ ಆ ಪ್ರಶ್ನೆನೇ ಅರ್ಥ ಆಗಲ್ಲ.

ಆಗಸ್ಟ್ 3ಕ್ಕೆ ಆಟಿ ಹದಿನೆಂಟು, ಅಂದ್ರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿಗೆ ಅವತ್ತು ಹದಿನೆಂಟು ಥರದ ಔಷಧಿ ಗುಣ ಸೇರಿರತ್ತೆ ಅಂತ ನಮ್ಮ ನಂಬಿಕೆ. ಡಾಕ್ಟ್ರನ್ನ ಕೇಳಿದ್ದಕ್ಕೆ, ಒಂದು ಬಟ್ಟಲು ಪಾಯಸ ತಿನ್ನಿ, ಮಾತ್ರೆ ಮಾತ್ರ ತಪ್ಪಿಸ್ಬೇಡಿ ಅಂದಿದ್ರು. ಅತ್ತೆ ಸೊಪ್ಪು ಕುದಿಸಿ ಆ ಕಡು ನೇರಳೆ ನೀರಲ್ಲಿ ಅಕ್ಕಿ ಬೆಲ್ಲ ಕಾಯಿಹಾಲು ಹಾಕಿ ಪಾಯಸ ಮಾಡಿದ್ರು, ಮನೆಯೆಲ್ಲ ಆ ಘಮ. ಅದನ್ನ ತಿಂದ್ರೆ ಮಾರನೇ ದಿನ ಎಲ್ರಿಗೂ ಮೂತ್ರ ಕೆಂಪು, ಕೊಡಗಿನ ಮಕ್ಕಳಿಗೆಲ್ಲ ಗೊತ್ತಿರೋ ತಮಾಷೆ. ಮಗಳು ಬಚ್ಚಲಿಂದ ಓಡಿ ಬಂದು "ಅಮ್ಮಾ, ನಂದೂ ನಿನ್ನ ಥರ!" ಅಂದ್ಲು. ಮೂರು ತಿಂಗಳಾದ್ಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಅವತ್ತೇ.

ಮಲಗಿದ್ದಾಗ ಓದಿ ತಿಳಿದಿದ್ದು ಒಂದು. ಹಿಂದೆ ಟಿಬಿ ಬಂದ್ರೆ ವರ್ಷಗಟ್ಟಲೆ ಸ್ಯಾನಟೋರಿಯಂ, ಅಂದ್ರೆ ಕ್ಷಯ ರೋಗಿಗಳು ಉಳ್ಕೊಳ್ಳೋ ಆಸ್ಪತ್ರೆ. 1956ರಲ್ಲಿ ಶುರುವಾದ ಮದ್ರಾಸಿನ ಒಂದು ಕೇಂದ್ರದಲ್ಲಿ ಬಡ ರೋಗಿಗಳಲ್ಲಿ ಅರ್ಧ ಜನರಿಗೆ ಸ್ಯಾನಟೋರಿಯಂನಲ್ಲಿ, ಅರ್ಧ ಜನರಿಗೆ ಅವರವರ ಇಕ್ಕಟ್ಟು ಮನೇಲೇ ಮಾತ್ರೆ ಕೊಟ್ಟು ನೋಡಿದ್ರಂತೆ. 1959ರಲ್ಲಿ ಫಲಿತಾಂಶ ಬಂತು, ಮನೇಲಿದ್ದವ್ರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ವಾಸಿಯಾಗಿದ್ರು. ನಾನು ನನ್ನ ಮನೆ ಕಿಟಕಿಯಿಂದ ಮಳೆ ನೋಡ್ತಾ ಹುಷಾರಾಗಿದ್ದು ಹೆಸರೂ ಗೊತ್ತಿಲ್ಲದ ಆ ಜನರಿಂದ. ಅಕ್ಟೋಬರ್ 17ಕ್ಕೆ ಗಂಡ ತಲಕಾವೇರಿಯಿಂದ ತೀರ್ಥ ತಂದಾಗ ಆಶಾ ಕಾರ್ಯಕರ್ತೆ, ಅತ್ತೆ, ಇವಳು, ಎಲ್ರ ಜೊತೆ ಅವ್ರನ್ನೂ ನೆನೆಸ್ಕೊಂಡೆ.

ಈಗ ಅರೇಬಿಕಾ ಕುಯ್ಲು. ಮೊನ್ನೆ ಆ ಲೋಟ ಗುಜರಿಗೆ ಹಾಕೋಣ ಅಂತ ಕಟ್ಟೆ ಮೇಲೆ ತೆಗೆದಿಟ್ಟಿದ್ದೆ. ಇವಳು ಹತ್ತು ಗಂಟೆಗೆ ಬಂದ್ಲು. ಜಗಲಿಲಿ ಪಕ್ಕ ಕೂರಿಸ್ಕೊಂಡು, ಅವತ್ತು ಹಾಗೆ ಮಾಡಿದ್ದು ನನ್ನ ತಪ್ಪು ಅಂದೆ. ಸ್ವಲ್ಪ ಹೊತ್ತು ಅಂಗಳ ನೋಡಿದ್ಲು. ಆಮೇಲೆ ಎದ್ದು ಹೋಗಿ ಅದೇ ಲೋಟ ತಂದು ಮುಂದಿಟ್ಲು.

"ಇದ್ರಲ್ಲೇ ಕೊಡಿ ಅಕ್ಕ, ಬೇರೆದೆಲ್ಲ ಚಿಕ್ಕದು, ಇದ್ರಲ್ಲಿ ಕಾಫಿ ಜಾಸ್ತಿ ಹಿಡೀತದೆ."